ಉಪ್ಪು ನೀರಾಗುವ ತಿಂಗಳಲ್ಲಿ

ಕಾಪು ಮತ್ತು ಪಡುಬಿದ್ರಿಯ ನಡುವೆ ಸಿಗುವ ಉಚ್ಚಿಲದಲ್ಲಿ ಹೆದ್ದಾರಿಯಿಂದ ಪಡುವಣಕ್ಕೆ ಸ್ವಲ್ಪ ದೂರ ನಡೆದರೆ ಕಡಲು. ಆಟಿ ತಿಂಗಳಲ್ಲಿ ಅಲ್ಲಿಯ ಮನೆಗಳ ಭರಣಿಯೊಳಗಿನ ಕಲ್ಲುಪ್ಪು ತಾನಾಗಿ ನೀರೊಡೆಯುತ್ತದೆ. ಬೆಂಕಿಕಡ್ಡಿ ಗೀರಿದರೆ ಹೊತ್ತಿಕೊಳ್ಳದೆ ಮದ್ದು ಉದುರುತ್ತದೆ. ಇಂಥ ಊರಿನಲ್ಲಿ ಹೊಸ ಲ್ಯಾಪ್‌ಟಾಪ್ ಬಂತೆಂದು ಹಳೆಯ ಕಂಪ್ಯೂಟರನ್ನು ತೋಟದ ಶೆಡ್ಡಿಗೆ, ತೆಂಗಿನ ಸಿಪ್ಪೆಯ ರಾಶಿ ಮತ್ತು ನೀರಿನ ಪಂಪಿನ ಪಕ್ಕಕ್ಕೆ ಸಾಗಿಸಿಬಿಡುತ್ತೇವೆ. ಅದರೊಳಗೆ ಮದುವೆಯ ಫೋಟೊಗಳು, ಜಾಗದ ಪತ್ರಗಳ ಸ್ಕ್ಯಾನ್, ಕೆಲವು ಮನೆಗಳಲ್ಲಿ ಅಜ್ಜನ ಕಾಲದ ತಾಳೆಗರಿಯ ಚಿತ್ರಗಳೂ ಉಳಿದಿರುತ್ತವೆ. ಬರಹವನ್ನು ಮಳೆಗಾಲ ದಾಟಿಸುವುದು ಹೇಗೆ ಎಂಬ ಪ್ರಶ್ನೆ ಕರಾವಳಿಗೆ ಹೊಸದಲ್ಲ. ಅದಕ್ಕೆ ಇಲ್ಲಿ ಹಿಂದೆಯೇ ಒಂದು ಉತ್ತರವಿತ್ತು: ಅಡುಗೆ ಒಲೆ.

ಒಲೆಯ ಮೇಲ್ಗಡೆಯ ಅಟ್ಟ ಹಳೆಯ ಮನೆಯ ಅತ್ಯಂತ ಒಣ ಜಾಗ. ಕೊಬ್ಬರಿ, ಬಿತ್ತನೆಯ ಬೀಜ, ಹುಣಸೆಹುಳಿ, ಒಣಮೀನು ಎಲ್ಲವೂ ಅದರ ಆಸುಪಾಸಿನಲ್ಲಿಯೇ. ದಿನಕ್ಕೆ ಎರಡು ಮೂರು ಹೊತ್ತು ಏರುವ ಬಿಸಿ ತೇವವನ್ನು ಹೊರಗಟ್ಟುತ್ತಿತ್ತು, ಹೊಗೆ ಹುಳುಗಳನ್ನು ದೂರವಿಡುತ್ತಿತ್ತು. ತಾಳೆಗರಿಯ ಕಟ್ಟುಗಳಿಗೆ ದೇವರ ಕೋಣೆಯಲ್ಲಿ ಜಾಗವಿದ್ದರೂ, ಆ ಕೋಣೆಗೂ ಇಡೀ ಮನೆಯ ಬಿಸಿ ತಗಲುತ್ತಿತ್ತು. ಗರಿಗೆ ಮಜ್ಜಿಗೆ ಹುಲ್ಲಿನ ಎಣ್ಣೆ ಸವರುವುದು, ಕಟ್ಟಿನಲ್ಲಿ ಬಜೆಯ ತುಂಡು ಇಡುವುದು, ಮರದ ಹಲಗೆಗಳ ನಡುವೆ ಬಿಗಿದು ಬಟ್ಟೆ ಸುತ್ತುವುದು, ನವರಾತ್ರಿಯಲ್ಲಿ ಹೊರತೆಗೆದು ಪೂಜೆಗಿಡುವುದು ಇದರ ಜೊತೆಗಿನ ಕ್ರಮಗಳು. ಪೂಜೆಯ ನೆಪದಲ್ಲಿ ಮಳೆಗಾಲ ಮುಗಿದ ಕೂಡಲೇ ಕಟ್ಟು ಬಿಚ್ಚಿ ಗಾಳಿಯಾಡಿಸಿದಂತೆಯೂ ಆಗುತ್ತಿತ್ತು. ನನಗೆ ಇದು ಭಕ್ತಿಯಷ್ಟೇ ಹವಾಮಾನದ ಲೆಕ್ಕಾಚಾರವಾಗಿಯೂ ಕಾಣುತ್ತದೆ.

ಅದರಿಂದ ಉಳಿದದ್ದು ಸಣ್ಣ ಸಂಗತಿಯಲ್ಲ. ತುಳುವಿಗೆ ಹಳೆಯ ಕಾವ್ಯವೇ ಇಲ್ಲ ಎಂಬ ಮಾತು 20ನೇ ಶತಮಾನದ ಉತ್ತರಾರ್ಧದವರೆಗೂ ಚಾಲ್ತಿಯಲ್ಲಿತ್ತು. ಕಾಸರಗೋಡಿನ ವೆಂಕಟರಾಜ ಪುಣಿಂಚತ್ತಾಯರು ‘ಶ್ರೀ ಭಾಗವತೊ’, ‘ಕಾವೇರಿ’ ಮೊದಲಾದ ಕೃತಿಗಳನ್ನು ತಾಳೆಗರಿಗಳಿಂದ ಓದಿ ಸಂಪಾದಿಸಿದ ಮೇಲೆ ಆ ಮಾತು ಬಿದ್ದುಹೋಯಿತು. ಒಂದು ಭಾಷೆಯ ಇತಿಹಾಸ ಬೆರಳೆಣಿಕೆಯ ಕಟ್ಟುಗಳ ಮೇಲೆ ನಿಂತಿತ್ತು.

ಇಷ್ಟಾಗಿಯೂ ತಾಳೆಗರಿಗಳು ಹಾಳಾದದ್ದಕ್ಕೆ ನಾವು ಸಾಮಾನ್ಯವಾಗಿ ಒಂದೇ ಕಾರಣ ಕೊಡುತ್ತೇವೆ: ಓದುವವರಿಲ್ಲ, ಆದ್ದರಿಂದ ಅಸಡ್ಡೆ. ನನಗೆ ಅದು ಅರ್ಧ ಮಾತ್ರ ಸರಿ ಎನಿಸುತ್ತದೆ. 1974ರ ಭೂಸುಧಾರಣೆಯ ನಂತರ ದೊಡ್ಡ ಹಿಡುವಳಿಯ ಮನೆಗಳು ಚದುರಿದವು. ಮುಂಬಯಿಗೆ ಹೋದವರ ಮನೆಗಳಿಗೆ ವರ್ಷದ ಬಹುಪಾಲು ಬೀಗ. ಉಳಿದ ಮನೆಗಳಿಗೆ ಗ್ಯಾಸ್ ಬಂತು, ಹೆಂಚಿನ ಮಾಡಿನ ಜಾಗಕ್ಕೆ ತಾರಸಿ ಬಂತು. ಕಟ್ಟುಗಳು ಇದ್ದ ಜಾಗದಲ್ಲೇ ಇದ್ದವು, ಕೆಳಗಿನ ಬೆಂಕಿ ಮಾತ್ರ ಆರಿತು. ಹೆಂಗಸರ ಕಣ್ಣು, ಶ್ವಾಸಕೋಶ ಸುಡುತ್ತಿದ್ದ ಹೊಗೆ ಹೋದದ್ದು ಒಳ್ಳೆಯದೇ. ಆದರೆ ಅದು ಮಾಡುತ್ತಿದ್ದ ಇನ್ನೊಂದು ಕೆಲಸವನ್ನು ಯಾರಿಗೂ ವಹಿಸಲಿಲ್ಲ.

ಭರಣಿಯ ಉಪ್ಪು ಇದನ್ನು ಚೆನ್ನಾಗಿ ವಿವರಿಸುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 75 ದಾಟಿದರೆ ಶುದ್ಧ ಅಡುಗೆ ಉಪ್ಪು ನೀರು ಹೀರಿ ಕರಗುತ್ತದೆ; ಕಡಲ ಉಪ್ಪಿನಲ್ಲಿ ಮೆಗ್ನೀಸಿಯಂ ಲವಣಗಳೂ ಇರುವುದರಿಂದ ಅದು ಇನ್ನೂ ಬೇಗ ಪಸೆಯಾಗುತ್ತದೆ. 25 ಡಿಗ್ರಿಯಲ್ಲಿ ಶೇ. 95ರಷ್ಟು ತೇವ ತುಂಬಿದ ಗಾಳಿಯನ್ನು 30 ಡಿಗ್ರಿಗೆ ಬಿಸಿ ಮಾಡಿದರೆ ಆರ್ದ್ರತೆ ಸುಮಾರು ಶೇ. 71ಕ್ಕೆ ಇಳಿಯುತ್ತದೆ. ಐದೇ ಡಿಗ್ರಿ! ಒಲೆಯ ಪಕ್ಕಕ್ಕೆ ಭರಣಿ ಸರಿಸುತ್ತಿದ್ದ ಅಜ್ಜಿಯಂದಿರು ಮಾಡಿದ್ದು ಇದನ್ನೇ.

ಉಚ್ಚಿಲದ ಗಾಳಿ ಕಂಪ್ಯೂಟರಿನೊಳಗೆ ಧೂಳಿನ ಜೊತೆ ಉಪ್ಪನ್ನೂ ಒಯ್ಯುತ್ತದೆ. ಅದು ಪಸೆಯಾದಾಗ ಮದರ್‌ಬೋರ್ಡಿನ ಮೇಲೆ ವಿದ್ಯುತ್ ಹರಿಯಬಾರದ ಕಡೆ ಹರಿಯುತ್ತದೆ, ತಾಮ್ರ ಹಸಿರುಗಟ್ಟುತ್ತದೆ. ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳ ಕಾಡಿಗೆ ಹೋದ ರೇಡಿಯೋಗಳು ತೇವ ಮತ್ತು ಬೂಷ್ಟಿನಿಂದ ಕೆಟ್ಟಾಗ, ಸೇನೆಗಳು ಬೂಷ್ಟುನಿರೋಧಕ ವಾರ್ನಿಷ್ ಬಳಿಯಲು ಕಲಿತವು. ಮನೆಬಳಕೆಯ ಕಂಪ್ಯೂಟರಿಗೆ ಸಾಮಾನ್ಯವಾಗಿ ಆ ಭಾಗ್ಯವಿಲ್ಲ. ಅದರ ಒಲೆ ಅದರೊಳಗೇ ಇದೆ: ಚಾಲೂ ಇರುವಾಗ ತನ್ನ ಬಿಸಿಯಿಂದ ತನ್ನನ್ನು ಒಣಗಿಸಿಕೊಳ್ಳುತ್ತದೆ. ಮೂಲೆಗೆ ಬಿದ್ದದ್ದು ಬೀಗ ಹಾಕಿದ ಮನೆಯಂತೆ. ತಗಡಿನ ಮಾಡು ರಾತ್ರಿ ತಣಿದು, ಅದರ ಒಳಮೈಯಿಂದ ತೊಟ್ಟಿಕ್ಕುವ ನೀರು ಬೇರೆ. ಪ್ಲಾಸ್ಟಿಕ್ ಹೊದಿಸಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ಅಕ್ಕಿಯಲ್ಲಿ ಹೂತಿಡುವವರೂ ಇದ್ದಾರೆ. ಆಟಿಯಲ್ಲಿ ಅಕ್ಕಿಯೇ ತೇವ ಕುಡಿದು ಕೂತಿರುತ್ತದೆ.

ಅಂದಹಾಗೆ, ಕಂಪ್ಯೂಟರಿನ ಫೈಲಿಗೆ ನಾವು ಬಳಸುವ ‘ಕಡತ’ ಎಂಬ ಪದ ಹುಣಸೆಬೀಜದ ಅಂಟು ಮತ್ತು ಇದ್ದಿಲು ಬಳಿದು ಮಡಚಿಟ್ಟ ಬಟ್ಟೆಯ ಪುಸ್ತಕದ್ದು. ಶೃಂಗೇರಿ ಮಠದ ಕಡತಗಳು ಪ್ರಸಿದ್ಧ. ಮಳೆ ಬಿಡದ ಆ ಮಲೆನಾಡಿನಲ್ಲಿ ಬಟ್ಟೆಯ ಮೇಲೆ ಬಳಪದಲ್ಲಿ ಬರೆದದ್ದು ಉಳಿದಿದೆ.

ಶೆಡ್ಡಲ್ಲದೆ ಬೇರೆ ಜಾಗವಿಲ್ಲವೆಂದರೆ, ಯಂತ್ರ ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲಿರಲಿ, ವಾರಕ್ಕೆ ಕೆಲವು ಸಲವಾದರೂ ಒಂದೆರಡು ಗಂಟೆ ಓಡಲಿ. ಮೊದಲೇ ನೀರಿಳಿದಿದ್ದರೆ ಪೂರ್ತಿ ಒಣಗುವವರೆಗೆ ಸ್ವಿಚ್ಚು ಮುಟ್ಟಬಾರದು. ಹಾರ್ಡ್ ಡಿಸ್ಕನ್ನಂತೂ ಶೆಡ್ಡಿನಲ್ಲಿ ಬಿಡಬೇಕಾಗಿಲ್ಲ. ನಾಲ್ಕು ಸ್ಕ್ರೂ ಬಿಚ್ಚಿ ತೆಗೆದು, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಒಳಮನೆಯ ಕಪಾಟಿನಲ್ಲಿ ಇಡಬಹುದು. ಅದಕ್ಕೂ ಮೊದಲು ಇನ್ನೊಂದು ಪ್ರತಿ ಮಾಡಿ ಬೇರೆ ಊರಿನ ಮನೆಯವರಿಗೆ ಕೊಟ್ಟಿರಬೇಕು. ಜೆಲ್ಲಿನ ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿತೆಂದರೆ ಅದರ ಹೊಟ್ಟೆ ತುಂಬಿದೆ ಎಂದರ್ಥ. ಆಗ ಅದನ್ನು ಹೊಸತರಿಂದ ಬದಲಿಸಬೇಕು, ಆಟಿಯಲ್ಲಂತೂ ಮತ್ತೆ ಮತ್ತೆ.