ಮುರಗಾಂವಿನಿಂದ ಅಂಟಾರ್ಕ್ಟಿಕಾಕ್ಕೆ

ಮುರಗಾಂವ ಬಂದರಿನ ಗುಡ್ಡದ ಮೇಲೆ ನಿಂತರೆ ಜುವಾರಿ ನದಿಯ ಮುಖದ ಆಚೆಗೆ ದೋನಾ ಪಾವ್ಲಾ ಕಾಣುತ್ತದೆ. ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ಇರುವುದು ಅಲ್ಲಿಯೇ. ವಿಜಾಪುರ, ಬಾಗಲಕೋಟೆ ಕಡೆಯಿಂದ ದುಡಿಯಲು ಬಂದ ನಮ್ಮ ಜನ ಈ ಬಂದರನ್ನು ದಿನಾ ನೋಡುತ್ತಾರೆ. ಆದರೆ ಇಲ್ಲಿಂದ ಹೊರಟ ಒಂದು ಹಡಗಿನ ಕಥೆ ನಮ್ಮ ಮಕ್ಕಳಿಗೆ ಗೊತ್ತಿಲ್ಲ. ನಮಗಾದರೂ ತಿಳಿದದ್ದು ತಡವಾಗಿಯೇ!

ಕಥೆ ಶುರುವಾಗುವುದು ಇನ್ನೊಂದು ಹಡಗಿನಿಂದ. 1960ರ ದಶಕದ ಮೊದಲರ್ಧದಲ್ಲಿ ಹಲವು ದೇಶಗಳ ಸುಮಾರು 40 ಹಡಗುಗಳು ಹಿಂದೂ ಮಹಾಸಾಗರವನ್ನು ಅಳೆಯಲು ಹೊರಟವು. ನಮ್ಮ ದೇಶದ ಪರವಾಗಿ 1962ರಿಂದ 65ರವರೆಗೆ ದುಡಿದವುಗಳಲ್ಲಿ ಮುಖ್ಯವಾದದ್ದು ನೌಕಾಪಡೆಯ ಐಎನ್‌ಎಸ್ ಕಿಸ್ತ್ನಾ. ಕಿಸ್ತ್ನಾ ಎಂದರೆ ಬೇರೇನಲ್ಲ, ನಮ್ಮ ಕೃಷ್ಣಾ ನದಿಗೆ ಬ್ರಿಟಿಷರ ಹಳೆಯ ಉಚ್ಚಾರ. ಅರಬ್ಬಿ ಸಮುದ್ರದ ಹತ್ತಿರವೇ ಹುಟ್ಟಿ, ಅದಕ್ಕೆ ಬೆನ್ನು ಹಾಕಿ ಬಂಗಾಳ ಕೊಲ್ಲಿಗೆ ಹರಿಯುವ ಹೊಳೆ!

ಅಂದಿನ ಅಳತೆಯ ವಿಧಾನ ಸೊಗಸಾಗಿತ್ತು. ಉದ್ದ ತಂತಿಗೆ ಲೋಹದ ಬಾಟಲಿಗಳನ್ನು ಕಟ್ಟಿ ಇಳಿಬಿಡುವುದು, ಆಮೇಲೆ ತಂತಿಗುಂಟ ಒಂದು ಹಿತ್ತಾಳೆ ತೂಕ ಜಾರಿಸುವುದು. ಅದು ಬಡಿದಾಗ ಬಾಟಲಿ ತಲೆಕೆಳಗಾಗಿ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಜೊತೆಗಿದ್ದ ಥರ್ಮಾಮೀಟರ್ ಕೂಡ ಮಗುಚಿ, ಪಾದರಸದ ಎಳೆ ತುಂಡಾಗಿ, ಆ ಆಳದ ಉಷ್ಣತೆ ಹಾಗೆಯೇ ನಿಲ್ಲುತ್ತಿತ್ತು.

ಈ ಅಭಿಯಾನದ ಬೆನ್ನಿಗೇ 1966ರ ಜನವರಿ 1ರಂದು ರಾಷ್ಟ್ರೀಯ ಸಂಸ್ಥೆ ಹುಟ್ಟಿತು. ಮೊದಲ ನಿರ್ದೇಶಕರು ಎನ್. ಕೆ. ಪಣಿಕ್ಕರ್.

ಅಳತೆಗಳು ಹೇಳುವ ಸಂಗತಿ ವಿಚಿತ್ರ. ಅರಬ್ಬಿ ಸಮುದ್ರದಲ್ಲಿ ಮಳೆಗಿಂತ ಆವಿಯಾಗುವುದೇ ಹೆಚ್ಚು. ಹಾಗಾಗಿ ಕಿಲೋ ನೀರಿಗೆ ಸುಮಾರು 36 ಗ್ರಾಂ ಉಪ್ಪು. ಗಂಗೆ, ಗೋದಾವರಿ, ಕೃಷ್ಣೆಯರ ಸಿಹಿನೀರು ಕುಡಿಯುವ ಬಂಗಾಳ ಕೊಲ್ಲಿಯಲ್ಲಿ ಕಡಿಮೆ. ಉಪ್ಪುನೀರು ಭಾರ, ಅದೇ ತಳಕ್ಕೆ ಇಳಿಯಬೇಕಲ್ಲವೇ? ಇಳಿಯುವುದಿಲ್ಲ. ಚಳಿಗಾಲದ ಒಣಗಾಳಿಗೆ ತುಸು ತಣ್ಣಗಾಗಿ ನೂರು ಮೀಟರ್ ಆಸುಪಾಸಿಗೆ ಮುಳುಗಿ ಅಲ್ಲೇ ನಿಲ್ಲುತ್ತದೆ. ನಾಲ್ಕು ಸಾವಿರ ಮೀಟರ್ ಆಳದಲ್ಲಿ ಇರುವುದು ಎರಡು ಡಿಗ್ರಿ ಆಸುಪಾಸಿನ ನೀರು, ಉಪ್ಪು 35 ಗ್ರಾಂಗಿಂತ ತುಸು ಕಡಿಮೆ. ಅದರ ಭಾರವೆಲ್ಲ ಚಳಿಯದ್ದು!

ಅಷ್ಟು ತಣ್ಣನೆಯ ನೀರು ಎಲ್ಲಿಂದ ಬಂತು? ಉತ್ತರಕ್ಕೆ ಭೂಮಿ ಅಡ್ಡ, ದಾರಿ ದಕ್ಷಿಣದ್ದೊಂದೇ. ಅಂಟಾರ್ಕ್ಟಿಕಾ ಸುತ್ತ ಸಮುದ್ರ ಮೈನಸ್ 1.8 ಡಿಗ್ರಿಯಲ್ಲಿ ಹೆಪ್ಪುಗಟ್ಟುವಾಗ ಉಪ್ಪನ್ನು ಹೊರಗೆ ಬಿಡುತ್ತದೆ. ಉಳಿದ ನೀರು ಭಾರವಾಗಿ ಮುಳುಗಿ, ಬೇರೆ ನೀರಿನೊಂದಿಗೆ ಬೆರೆಯುತ್ತಾ, ತಳದಲ್ಲೇ ತೆವಳಿ ನಮ್ಮ ಕಡೆಗೆ ಬರುತ್ತದೆ.

ಆದ್ದರಿಂದ ಸೆಖೆಯ ಗೋವಾದಿಂದ ಹಿಮದ ನಾಡಿಗೆ ಹೋದದ್ದು ಬರೀ ಧ್ವಜ ನೆಡಲಿಕ್ಕೆ ಎಂದು ನಾವು ಒಪ್ಪುವುದಿಲ್ಲ. 1981ರ ಡಿಸೆಂಬರ್ 6ರಂದು, ಅದೇ ಸಂಸ್ಥೆಯ ನಿರ್ದೇಶಕರಾಗಿದ್ದ ಎಸ್. ಝಡ್. ಖಾಸಿಂ ಅವರ ನಾಯಕತ್ವದಲ್ಲಿ 21 ಜನ, ನಾರ್ವೆಯ ಬಾಡಿಗೆ ಹಡಗು ಪೋಲಾರ್ ಸರ್ಕಲ್‌ನಲ್ಲಿ ಹೊರಟರು. ಜನವರಿ 9ಕ್ಕೆ ಅಂಟಾರ್ಕ್ಟಿಕಾ ಮುಟ್ಟಿದರು, ಫೆಬ್ರವರಿ 21ಕ್ಕೆ ಗೋವಾಕ್ಕೆ ಮರಳಿದರು. ಧ್ರುವ ಸಂಶೋಧನೆಯ ಕೇಂದ್ರ ಇವತ್ತು ವಾಸ್ಕೋದ ಹೆಡ್‌ಲ್ಯಾಂಡ್ ಸಡಾದಲ್ಲಿದೆ.

ತರಗತಿಯಲ್ಲಿ ಗಾಜಿನ ಪಾತ್ರೆಯ ಬಿಸಿನೀರಿಗೆ ಮಸಿ ಬೆರೆಸಿದ ಐಸ್ ನೀರು ಬಿಟ್ಟು ತೋರಿಸಿದೆವು. ನೀಲಿ ಸರಸರನೆ ತಳಕ್ಕಿಳಿಯಿತು. "ಅಲ್ಲಿಂದ ನಮ್ಮ ತನಕ ಬರಾಕ ಎಷ್ಟ ದಿನ ಬೇಕ್ರಿ ಸರ್?" ಎಂದ ಹಿಂದಿನ ಬೆಂಚಿನ ಹುಡುಗ. ನೂರಾರು ವರ್ಷ ಎಂದೆವು. ನಂಬಲಿಲ್ಲ!