ಮಾತಿನ ಅಳತೆಗೋಲು

ಕಿವಿಗೆ ಮಾತು ಎಷ್ಟು ತಿಳಿಯಿತೆಂದು ಅಳೆಯುವ ಕ್ರಮವು ಮೊದಲು ಬೆಳೆದುದು ವೈದ್ಯಶಾಲೆಯಲ್ಲಲ್ಲ, ಟೆಲಿಫೋನಿನ ತಂತಿಗಳ ಬಳಿ. 1910ರಲ್ಲಿ ಅಮೆರಿಕದ ಕ್ಯಾಂಪ್‌ಬೆಲ್ ಬಿಡಿ ಅಕ್ಷರಗಳನ್ನು ನುಡಿಸಿ ದೂರವಾಣಿಯ ಸ್ಪಷ್ಟತೆಯನ್ನು ಒರೆಗೆ ಹಚ್ಚಿದನು. 1948ರಲ್ಲಿ ಹಾರ್ವರ್ಡಿನ ಈಗನ್ 50 ಪದಗಳ ಧ್ವನಿಸಮತೋಲಿತ ಪಟ್ಟಿಗಳನ್ನು ಪ್ರಕಟಿಸಿದನು.

1957ರಲ್ಲಿ ಪ್ಯಾರಿಸ್ಸಿನಲ್ಲಿ ಜೂರ್ನೊ ಮತ್ತು ಎರಿಯೆ ಎಂಬವರು ಶ್ರವಣನರವನ್ನು ವಿದ್ಯುತ್ತಿನಿಂದ ಪ್ರಚೋದಿಸಿ ಕಾಕ್ಲಿಯರ್ ಇಂಪ್ಲಾಂಟಿಗೆ ದಾರಿ ತೆರೆದರು. ಮುಂದೆ ಕೇಂದ್ರಕ್ಕೊಂದು ಪರೀಕ್ಷೆ ಬಳಕೆಯಲ್ಲಿದ್ದುದರಿಂದ ಒಬ್ಬರ ಫಲಿತಾಂಶವನ್ನು ಮತ್ತೊಬ್ಬರದರೊಡನೆ ತೂಗಿನೋಡುವುದು ಕಷ್ಟವಾಗಿತ್ತು. ಆದುದರಿಂದ 1996ರಲ್ಲಿ ಅಮೆರಿಕದ ತಜ್ಞರು ವಯಸ್ಕರಿಗಾಗಿ ಕನಿಷ್ಠ ಪರೀಕ್ಷಾಮಾಲೆಯೊಂದನ್ನು ಗೊತ್ತುಪಡಿಸಿದರು. ಉಪಕರಣಗಳು ಸುಧಾರಿಸಿ, ಅದರ ‘ಹಿಂಟ್’ ವಾಕ್ಯಗಳಲ್ಲಿ ಅನೇಕರು ಪೂರ್ಣಾಂಕವನ್ನು ಮುಟ್ಟತೊಡಗಿದಾಗ, 2011ರಲ್ಲಿ ಹೆಚ್ಚು ಕಠಿನವಾದ ‘ಆಜ್‌ಬಯೋ’ ವಾಕ್ಯಗಳು ಅವುಗಳ ಸ್ಥಾನಕ್ಕೆ ಬಂದುವು.

ಇಂತಹ ಅಳತೆಗೋಲನ್ನು ಅನುವಾದಿಸಿ ತರಲಾಗದು. ಆಂಗ್ಲರ ಪಟ್ಟಿಗಳು ಏಕಾಕ್ಷರ ಪದಗಳ ಮೇಲೆ ನಿಂತಿವೆ. ಕನ್ನಡದಲ್ಲಿ ಅಂತಹ ಪದಗಳು ವಿರಳ. ‘ಬಳೆ’ಗೂ ‘ಬಾಳೆ’ಗೂ ಇರುವ ಅಂತರವು ಸ್ವರದ ದೀರ್ಘತೆಯೊಂದೇ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ 2005ರಲ್ಲಿ ಸಿದ್ಧವಾದ ಕನ್ನಡ ಪಟ್ಟಿಯು ಎರಡಕ್ಷರದ ಪದಗಳನ್ನು ಆರಿಸಿಕೊಂಡುದು ಈ ಕಾರಣದಿಂದ ಉಚಿತವೇ ಆಗಿದೆ.

ಹೊರನಾಡಿನ ನಮಗೆ ಇದು ದೂರದ ವಿಷಯವಲ್ಲ. ಮನೆಯಲ್ಲಿ ಕನ್ನಡವನ್ನೇ ಆಡುವ ವೃದ್ಧರನ್ನು ಪರಭಾಷೆಯ ಪದಗಳಿಂದ ಪರೀಕ್ಷಿಸಿದರೆ, ದೊರೆಯುವ ಅಂಕದಲ್ಲಿ ಕಿವಿಯ ಕೊರತೆಯೆಷ್ಟು, ಭಾಷೆಯ ಅಪರಿಚಯವೆಷ್ಟು ಎಂದು ಬೇರ್ಪಡಿಸುವುದು ಹೇಗೆ?