ಯುದ್ಧದ ಚಿತ್ರ ಯಾರ ಕಣ್ಣಿನದು?

1857ರ ನವೆಂಬರ್‌ನಲ್ಲಿ ಲಖನೌದ ಸಿಕಂದರ್ ಬಾಗ್‌ನೊಳಗೆ ಬ್ರಿಟಿಷ್ ಸೇನೆ ಸುಮಾರು 2,000 ಸಿಪಾಯಿಗಳನ್ನು ಕೊಂದಿತು. ಫೆಲಿಸ್ ಬಿಯಾಟೊ ಅಲ್ಲಿ ಕ್ಯಾಮೆರಾ ನಿಲ್ಲಿಸಿದ್ದು ಮರುವರ್ಷ. ಅವನ ಚಿತ್ರದ ಅಂಗಳದಲ್ಲಿ ಚೆಲ್ಲಾಡಿರುವ ಮೂಳೆಗಳನ್ನು ಆ ಚಿತ್ರಕ್ಕಾಗಿಯೇ ಹರಡಿಸಲಾಗಿತ್ತೆಂದು ಹಲವು ಇತಿಹಾಸಕಾರರು ಹೇಳುತ್ತಾರೆ. ಓಡುವ ಕುದುರೆಯನ್ನೂ ಹಾರುವ ಗುಂಡನ್ನೂ ಹಿಡಿಯಲು ಅಂದಿನ ಗಾಜಿನ ತಟ್ಟೆಗಳಿಗೆ ಆಗುತ್ತಿರಲಿಲ್ಲ; ಸಿಗುತ್ತಿದ್ದುದು ಕದನ ಮುಗಿದ ನೆಲ ಮಾತ್ರ. ನಮ್ಮ ಉಪಖಂಡದ ಯುದ್ಧಛಾಯಾಗ್ರಹಣ ಹೀಗೆ ಗೆದ್ದವರ ಪಾಳಯದಲ್ಲಿ, ಹೊರಗಿನವರ ಕೈಯಲ್ಲಿ ಶುರುವಾಯಿತು.

1925ರಲ್ಲಿ ಮಾರುಕಟ್ಟೆಗೆ ಬಂದ ಪುಟ್ಟ ಲೈಕಾ ಕ್ಯಾಮೆರಾ ಛಾಯಾಗ್ರಾಹಕನನ್ನು ಗುಂಡಿನ ಮಳೆಯೊಳಕ್ಕೆ ಕರೆದೊಯ್ದಿತು. ಪ್ರಶಸ್ತಿಗಳು ಬಂದದ್ದು ಆಮೇಲೆ: 1942ರಲ್ಲಿ ಪುಲಿಟ್ಜರ್‌ನ ಛಾಯಾಚಿತ್ರ ವಿಭಾಗ, 1955ರಲ್ಲಿ ನೆದರ್ಲೆಂಡ್ಸ್‌ನ ವರ್ಲ್ಡ್ ಪ್ರೆಸ್ ಫೋಟೊ. 1968ರಲ್ಲಿ ಪುಲಿಟ್ಜರ್ ತನ್ನ ವಿಭಾಗವನ್ನು ಎರಡಾಗಿ ಒಡೆಯಿತು. ಆ ಗಳಿಗೆಯ ಸುದ್ದಿಗೆ ಒಂದು, ನಿಧಾನವಾಗಿ ಕಟ್ಟುವ ಚಿತ್ರಕಥನಕ್ಕೆ, ಅಂದರೆ ಫೀಚರ್‌ಗೆ, ಇನ್ನೊಂದು. ಈ ವಿಂಗಡಣೆಯ ಪರಿಣಾಮ ನಮ್ಮ ಕಡೆ ಐವತ್ತು ವರ್ಷ ತಡವಾಗಿ ಕಾಣಿಸಿತು.

ಅದಕ್ಕೆ ಮೊದಲು ಢಾಕಾ. 1971ರ ಡಿಸೆಂಬರ್‌ನಲ್ಲಿ ಪಾಕಿಸ್ತಾನಿ ಸೇನೆ ಶರಣಾಗಿ ಎರಡು ದಿನವಾಗಿತ್ತು. ಪಾಕಿಸ್ತಾನದ ಕಡೆಯವರೆಂದು ಆರೋಪಿಸಿ ಹಿಡಿದಿದ್ದ ಬಂದಿಗಳನ್ನು ಬಾಂಗ್ಲಾದೇಶದ ವಿಮೋಚನೆಗೆ ಹೋರಾಡಿದ ಮುಕ್ತಿ ಬಾಹಿನಿಯವರು ಜನಜಂಗುಳಿಯ ಎದುರೇ ಬಂದೂಕಿನ ಈಟಿಯಿಂದ ತಿವಿದು ಕೊಂದರು. ಕ್ಯಾಮೆರಾಗಳಿಲ್ಲದಿದ್ದರೆ ಈ ಕೊಲೆ ನಡೆಯಲಿಕ್ಕಿಲ್ಲ ಎನಿಸಿ ಮಾರ್ಕ್ ರಿಬು ಸೇರಿದಂತೆ ಕೆಲವು ಛಾಯಾಗ್ರಾಹಕರು ಅಲ್ಲಿಂದ ಹೊರಟುಹೋದರು. ಅಸೋಸಿಯೇಟೆಡ್ ಪ್ರೆಸ್‌ನ ಹಾರ್ಸ್ಟ್ ಫಾಸ್ ಮತ್ತು ಮಿಶೆಲ್ ಲೋರಾಂ ಉಳಿದು ಚಿತ್ರ ತೆಗೆದರು. 1972ರ ಪುಲಿಟ್ಜರ್ ಅವರಿಗೆ ಸಂದಿತು. ಆ ಪ್ರಶಸ್ತಿ ತಪ್ಪೆಂದು ನಾನು ಹೇಳಲಾರೆ, ಗೆದ್ದವರ ಕ್ರೌರ್ಯಕ್ಕೂ ಸಾಕ್ಷಿ ಬೇಕೇಬೇಕು. ಆದರೆ ಹೊರಟುಹೋದವರನ್ನು ಬಿಟ್ಟು ಆ ಚಿತ್ರಗಳ ಕತೆ ಹೇಳಬಾರದು. 1971ರಲ್ಲೇ ತನ್ನದೇ ಊರಿನ ನರಮೇಧವನ್ನು ಸೆರೆಹಿಡಿದ ಢಾಕಾದ ರಶೀದ್ ತಾಲೂಕ್‌ದಾರ್ ಅವರನ್ನು ನ್ಯಾಷನಲ್ ಜಿಯಾಗ್ರಫಿಕ್ ಗೌರವಿಸಿದ್ದು 2010ರಲ್ಲಿ!

ಅಷ್ಟರಲ್ಲಿ ಗಾಳಿ ಬೀಸುವ ದಿಕ್ಕು ಬದಲಾಗಿತ್ತು; ಅದು ಮೊದಲು ಕಂಡದ್ದು ಯುದ್ಧದಾಚೆಯ ದುರಂತಗಳಲ್ಲಿ. ವಿಷಾನಿಲ ದುರಂತ ನಡೆದ ಭೋಪಾಲದಲ್ಲಿ ಮಣ್ಣು ಸೇರುತ್ತಿದ್ದ ಮಗುವಿನ ಮುಖವನ್ನು ರಘು ರೈ ಕಪ್ಪು ಬಿಳುಪಿನಲ್ಲಿ, ಪಾಬ್ಲೊ ಬಾರ್ಥೊಲೊಮ್ಯೂ ಬಣ್ಣದಲ್ಲಿ ತೆಗೆದರು. ಪಾಬ್ಲೊ ಅವರ ಚಿತ್ರ ವರ್ಲ್ಡ್ ಪ್ರೆಸ್ ಫೋಟೊದ ವರ್ಷದ ಚಿತ್ರವಾಯಿತು. ಇಪ್ಪತ್ತು ವರ್ಷಗಳ ನಂತರ, ಸುನಾಮಿ ಅಪ್ಪಳಿಸಿದ ಕಡಲೂರಿನಲ್ಲಿ ಆರ್ಕೊ ದತ್ತ ತೆಗೆದ, ನೆಲಕ್ಕೆ ಬಿದ್ದು ಅಳುವ ಹೆಂಗಸಿನ ಚಿತ್ರಕ್ಕೂ ಅದೇ ಗೌರವ ದೊರೆಯಿತು.

2019ರ ಆಗಸ್ಟ್‌ನಲ್ಲಿ ಕಾಶ್ಮೀರದಲ್ಲಿ ಫೋನ್, ಇಂಟರ್ನೆಟ್ ಎರಡೂ ನಿಂತವು. ಅಸೋಸಿಯೇಟೆಡ್ ಪ್ರೆಸ್‌ನ ದಾರ್ ಯಾಸಿನ್, ಮುಖ್ತಾರ್ ಖಾನ್ ಮತ್ತು ಚನ್ನಿ ಆನಂದ್ ಕೆಲಸ ನಿಲ್ಲಿಸಲಿಲ್ಲ. ಕ್ಯಾಮೆರಾವನ್ನು ತರಕಾರಿ ಚೀಲದಲ್ಲಿ ಬಚ್ಚಿಟ್ಟು ಓಡಾಡಿದರು. ವಿಮಾನ ನಿಲ್ದಾಣದಲ್ಲಿ ಅಪರಿಚಿತ ಪ್ರಯಾಣಿಕರನ್ನು ಬೇಡಿಕೊಂಡು ಅವರ ಕೈಯಲ್ಲಿ ಚಿತ್ರಗಳನ್ನು ದೆಹಲಿಗೆ ಕಳಿಸಿದರು. ಆ ಬೀದಿಗಳನ್ನು ಬಲ್ಲವರಿಗೆ ಮಾತ್ರ ಸಾಧ್ಯವಿದ್ದ ಕೆಲಸ ಅದು. 2020ರಲ್ಲಿ ಅವರಿಗೆ ಪುಲಿಟ್ಜರ್ ಬಂತು, ಫೀಚರ್ ವಿಭಾಗದಲ್ಲಿ. ರಾಯಿಟರ್ಸ್ ತಂಡಕ್ಕೆ 2018ರಲ್ಲಿ ರೋಹಿಂಗ್ಯಾ ನಿರಾಶ್ರಿತರ ಚಿತ್ರಗಳಿಗೂ, 2022ರಲ್ಲಿ ಭಾರತದ ಕೋವಿಡ್ ಚಿತ್ರಗಳಿಗೂ ಬಂದದ್ದು ಅದೇ ವಿಭಾಗದ ಪ್ರಶಸ್ತಿ. ಬಂದು ಹೋಗುವವರ ಕ್ಷಣಕ್ಕಿಂತ ಅಲ್ಲೇ ಬದುಕುವವರ ತಾಳ್ಮೆಗೆ ಬೆಲೆ ಸಿಕ್ಕಿತು ಎಂದು ನಾನು ಇದನ್ನು ಓದುತ್ತೇನೆ. ವರ್ಲ್ಡ್ ಪ್ರೆಸ್ ಫೋಟೊ ಕೂಡ 2022ರ ಸ್ಪರ್ಧೆಯಿಂದ ಜಗತ್ತನ್ನು ಆರು ಪ್ರದೇಶಗಳಾಗಿ ಹಂಚಿ ಚಿತ್ರಗಳನ್ನು ಆರಿಸತೊಡಗಿತು.

ಆದರೆ ನಮ್ಮ ಕಡೆಯ ಛಾಯಾಗ್ರಾಹಕರು ತೆರುವ ಬೆಲೆಯೂ ದೊಡ್ಡದು. ರಾಯಿಟರ್ಸ್‌ನ ಆ ಎರಡೂ ತಂಡಗಳಲ್ಲಿದ್ದ ಡ್ಯಾನಿಶ್ ಸಿದ್ದಿಕಿ 2021ರ ಜುಲೈನಲ್ಲಿ ಅಫ್ಘಾನಿಸ್ತಾನದ ಸ್ಪಿನ್ ಬೋಲ್ಡಕ್‌ನಲ್ಲಿ ಹತರಾದರು. ಎರಡನೆಯ ಪುಲಿಟ್ಜರ್ ಅವರಿಗೆ ಮರಣೋತ್ತರವಾಗಿ ಬಂತು. ಅದೇ ಪ್ರಶಸ್ತಿಯನ್ನು ಹಂಚಿಕೊಂಡ ಶ್ರೀನಗರದ ಸನ್ನಾ ಇರ್ಷಾದ್ ಮಟ್ಟೂ ಅದನ್ನು ಸ್ವೀಕರಿಸಲು ನ್ಯೂಯಾರ್ಕ್‌ಗೆ ಹೊರಟಿದ್ದರು. ವೀಸಾ, ಟಿಕೆಟ್ ಎರಡೂ ಇದ್ದರೂ 2022ರ ಅಕ್ಟೋಬರ್‌ನಲ್ಲಿ ದೆಹಲಿ ವಿಮಾನ ನಿಲ್ದಾಣದಲ್ಲೇ ಅವರನ್ನು ತಡೆಯಲಾಯಿತು.